ಸೊಸೈಟಿ ಗುಡ್ಡೆಯಲ್ಲಿ ಸೋಲಾರ್ ಹಾಕಿದರೆ ರಾತ್ರಿಗೆ ಎಂತ ಮಾಡುವುದು?

ಮುರಕಲ್ಲು (ಪೆರ್ಲ ಕಡೆ, ಕಾಸರಗೋಡು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ. ಸಂಘಕ್ಕೆ ಮೂರು ಎಕರೆ ಮುರಕಲ್ಲಿನ ಗುಡ್ಡೆ ಉಂಟು. ಮುಳಿಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ, ಗೇರು ಹಾಕಿ ನೋಡಿದೆವು, ಅದೂ ಒಣಗಿತು. ಹೋದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು, ಅಲ್ಲಿ 500 ಕಿಲೋವಾಟಿನ ಸೋಲಾರ್ ಹಾಕಿ ಸದಸ್ಯರಿಗೆಲ್ಲ ಸಂಘದ್ದೇ ಕರೆಂಟ್ ಕೊಡೋಣ ಎಂದರು. ಚಪ್ಪಾಳೆ ಬಿತ್ತು. ಚಹಾ, ಗೋಳಿಬಜೆ ಮುಗಿಯುವಷ್ಟರಲ್ಲಿ ನನ್ನನ್ನು ಉಪಸಮಿತಿಗೆ ಹಾಕಿ ಆಗಿತ್ತು.

ಲೆಕ್ಕ ನೋಡಿದರೆ ಚಂದ ಕಾಣುತ್ತದೆ. ಒಂದು ಕಿಲೋವಾಟಿಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಅಂತ ಹಿಡಿದರೆ 500ಕ್ಕೆ 2,000 ಯೂನಿಟ್. ನಮ್ಮ ಸದಸ್ಯರ ಮನೆಗಳು ಸುಮಾರು 400. ಮನೆಗೆ 5 ಯೂನಿಟ್. ಅಲ್ಲಿಗೆ ಸರಿ ಹೋಯಿತು. ಆದರೆ ನನಗೆ ಸಮಾಧಾನ ಇಲ್ಲ. ಸಂಜೆ ಏಳಕ್ಕೆ ಎಲ್ಲರೂ ಲೈಟು, ಟಿ.ವಿ., ಮಿಕ್ಸಿ ಹಾಕುವಾಗ ಗುಡ್ಡೆಯಲ್ಲಿ ಸೊನ್ನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆ) ನಾಲ್ಕು ದಿನ ಸೂರ್ಯನ ಮುಖವೇ ಕಾಣದಿದ್ದರೆ ಆಗಲೂ ಸೊನ್ನೆಗೆ ಹತ್ತಿರ. ಸಂಘ ಅಂತ ಒಮ್ಮೆ ಜವಾಬ್ದಾರಿ ತೆಗೆದುಕೊಂಡ ಮೇಲೆ ಜನ ನಮ್ಮ ಮನೆ ಬಾಗಿಲಿಗೇ ಬರುವುದು. ಬಲ್ಲವರು ಹೇಳಿ.

ತೋಡಿನ ಬದಿ (ಮುಳ್ಳೇರಿಯ)

ರಾತ್ರಿಗೆ ಗ್ರಿಡ್, ಅಂದರೆ ಕರೆಂಟ್ ಕಂಪನಿಯ ಲೈನು, ಉಂಟಲ್ಲ ಮಾರಾಯ್ರೆ. ಹಗಲು ಕೊಡುವುದು, ರಾತ್ರಿ ವಾಪಸ್ ತೆಗೆದುಕೊಳ್ಳುವುದು. ನಾನು ಮನೆ ಮೇಲೆ 3 ಕಿಲೋವಾಟ್ ಹಾಕಿದೆ, ಸೂರ್ಯಘರ್ ಯೋಜನೆಯ 78,000 ಸಬ್ಸಿಡಿಯೂ ಖಾತೆಗೆ ಬಂತು. ಬಿಲ್ ನೋಡಿದರೆ ಈಗ ನಗು ಬರುತ್ತದೆ. ಇದಕ್ಕೆಲ್ಲ ಉಪಸಮಿತಿ ಎಂತಕ್ಕೆ?

ಲೆಕ್ಕಪುಸ್ತಕ (ಕುಂಬಳೆ)

ಒಂದು ಮನೆಯವರು ಹಾಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆ ಊರೇ ಮಾಡಿದರೆ ಕಥೆ ಬೇರೆ. ಹಲಸಿನ ಕಾಲದಲ್ಲಿ ಪಕ್ಕದ ಮನೆಗೆ ಹಲಸಿನ ಹಣ್ಣು ಕೊಟ್ಟು, ಆಟಿಯಲ್ಲಿ ಅದರ ಬದಲಿಗೆ ಅಕ್ಕಿ ಕೇಳಿದ ಹಾಗೆ ಇದು. ಹಲಸಿನ ಕಾಲದಲ್ಲಿ ಅವರ ಹಿತ್ತಲಲ್ಲೂ ಹಲಸು ಬಿದ್ದು ಕೊಳೆಯುತ್ತಿರುತ್ತದೆ ಅಲ್ವಾ?

2024ರ ಮೇ ತಿಂಗಳ ಸೆಕೆ ನೆನಪಿದೆಯಾ? ಆಗ ಕೇರಳದ ಬೇಡಿಕೆ 5,700 ಮೆಗಾವಾಟ್ ದಾಟಿತ್ತು. ಅದು ಮಧ್ಯಾಹ್ನ ಅಲ್ಲ, ರಾತ್ರಿ ಹತ್ತರ ಹೊತ್ತಿಗೆ, ಎಲ್ಲ ಮನೆಯ ಎ.ಸಿ. ಓಡುವಾಗ. ಆ ಹೊತ್ತಿನ ಒಂದು ಯೂನಿಟ್ಟೂ ಮಧ್ಯಾಹ್ನ ಹನ್ನೆರಡರ ಒಂದು ಯೂನಿಟ್ಟೂ ಒಂದೇ ಬೆಲೆಯ ಸಾಮಾನಲ್ಲ. ಕೇಂದ್ರ ಸರಕಾರ 2023ರಲ್ಲೇ ನಿಯಮ ತಂದಿದೆ. ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ 20 ಶೇಕಡಾ ಕಡಿಮೆ, ಪೀಕ್ ಹೊತ್ತಿನಲ್ಲಿ ಜಾಸ್ತಿ. ಕೃಷಿ ಸಂಪರ್ಕವನ್ನು ಮಾತ್ರ ಅದರಿಂದ ಬಿಟ್ಟಿದ್ದಾರೆ. ಅಂದರೆ ಹಗಲು ಕೊಟ್ಟದ್ದಕ್ಕೆ ರಾತ್ರಿ ಸರಿಸಮ ಸಿಗುವ ಕಾಲ ಹೀಗೇ ಇರುತ್ತದೆ ಅಂತ ನಂಬಿ 25 ವರ್ಷದ ಸಾಲಕ್ಕೆ ಸಹಿ ಹಾಕಬೇಡಿ. ಮನೆಗೆ 5 ಯೂನಿಟ್ ಅನ್ನುವ ಲೆಕ್ಕ ಇರಲಿ, ಯಾವ ಗಂಟೆಗೆ ಎಷ್ಟು ಅನ್ನುವ ಲೆಕ್ಕ ಮೊದಲು ಬರೆಯಿರಿ.

ಫ್ಯೂಸಣ್ಣ (ಬದಿಯಡ್ಕ)

ಮೂವತ್ತು ವರ್ಷ ಲೈನು, ಸಬ್‌ಸ್ಟೇಷನ್ ಅಂತ ತಿರುಗಿ ಈಗ ಅಡಿಕೆ ಸುಲಿಯುತ್ತಾ ಕೂತಿರುವವನು ನಾನು. ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟುಬಿಡಿ.

ಮುರಕಲ್ಲು ಅವರೇ, ನಿಮ್ಮ ಮಹಾಸಭೆಯವರು ಎರಡು ಕೆಲಸ ಬೆರೆಸಿದ್ದಾರೆ. ಕರೆಂಟ್ ಮಾಡುವುದು ಒಂದು. ಹಂಚುವುದು ಇನ್ನೊಂದು. 2003ರ ವಿದ್ಯುತ್ ಕಾಯ್ದೆ ಪ್ರಕಾರ ಉತ್ಪಾದನೆಗೆ ಲೈಸೆನ್ಸ್ ಬೇಡ. ಗ್ರಾಮೀಣ ಭಾಗದಲ್ಲಿ ಪಂಚಾಯತಿಗೂ ಸಹಕಾರಿ ಸಂಘಕ್ಕೂ ಹಂಚುವುದಕ್ಕೂ ದಾರಿ ಇಟ್ಟಿದ್ದಾರೆ. ಆದರೆ ಹಂಚುವುದು ಅಂದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಮೀಟರ್, ಬಿಲ್ಲು, ಜೋರು ಗಾಳಿ ಮಳೆಗೆ ತೆಂಗಿನ ಮಡಲು ಬಿದ್ದರೆ ರಾತ್ರಿ ಎರಡಕ್ಕೆ ಏಣಿ ಹೊತ್ತು ಹೋಗುವವನು. ಸುಮ್ನೆ ಅಲ್ಲ. ಸಂಘ ಅಲ್ಲಿಗೆ ಕೈ ಹಾಕುವುದು ಬೇಡ.

ಮಾಡಿ ಮಾರುವುದಾದರೆ ಕೇಂದ್ರ ಸರಕಾರ ರೈತರ ಸೋಲಾರ್‌ಗೆ ತಂದ ಕುಸುಮ್ ಯೋಜನೆಯ ಎ ವಿಭಾಗ ಉಂಟು, 2019ರದ್ದು. 500 ಕಿಲೋವಾಟಿನಿಂದ 2 ಮೆಗಾವಾಟ್ ವರೆಗೆ, ಸಬ್‌ಸ್ಟೇಷನ್ನಿನಿಂದ 5 ಕಿಲೋಮೀಟರ್ ಒಳಗಿದ್ದರೆ ಒಳ್ಳೆಯದು, ಸಹಕಾರಿ ಸಂಘಗಳೂ ಹಾಕಬಹುದು. ನಿಮ್ಮ ಮೂರು ಎಕರೆಗೆ 500 ಕಿಲೋವಾಟ್ ಆರಾಮಾಗಿ ಕೂರುತ್ತದೆ.

ಇನ್ನು ಏರಿಳಿತದ ವಿಷಯ. ಗ್ರಿಡ್ ಅಂದರೆ ತಕ್ಕಡಿ. ಹಾಕಿದಷ್ಟೇ ಆ ಕ್ಷಣದಲ್ಲಿ ತೆಗೆಯಬೇಕು, ತೆಗೆದಷ್ಟೇ ಹಾಕಬೇಕು. ತಪ್ಪಿದರೆ ಫ್ರೀಕ್ವೆನ್ಸಿಯ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನುವ ಲೆಕ್ಕ) ಮುಳ್ಳು, 50 ಹರ್ಟ್ಸ್ ಇರಬೇಕಾದದ್ದು, ಆಚೀಚೆ ಹೋಗುತ್ತದೆ. ಒಂದು ಮೋಡ ಬಂದು 500 ಕಿಲೋವಾಟ್ 100 ಆದರೆ ದೇಶದ ಗ್ರಿಡ್ಡಿಗೆ ಅದು ಆನೆಯ ಬೆನ್ನಿಗೆ ನೊಣ ಕೂತ ಹಾಗೆ. ನಿಮ್ಮ ಫೀಡರಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ನಿಮ್ಮ ಊರಿಗೆ ಬರುವ ಲೈನಿಗೆ, ಹಾಗಲ್ಲ. ಅಲ್ಲಿ ಕೆಡುವುದು ಫ್ರೀಕ್ವೆನ್ಸಿ ಅಲ್ಲ, ವೋಲ್ಟೇಜ್. ಜನ ಮಾತಾಡುವುದೆಲ್ಲ ಬ್ಯಾಟರಿ ಬಗ್ಗೆ, ತಲೆನೋವು ಬರುವುದು ತಂತಿಯ ಬಾಲದಲ್ಲಿ.

ಇನ್ನೊಂದು ಮಾತು. ಕರೆಂಟ್ ಹೋದಾಗ ನಮ್ಮ ಗುಡ್ಡೆಯ ಸೋಲಾರ್‌ನಿಂದ ಊರು ಬೆಳಗುತ್ತದೆ ಅಂತ ಯಾರಾದರೂ ಹೇಳಿದ್ದರೆ ಆ ಆಸೆ ಬಿಡಿ. ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಸೋಲಾರ್‌ನ ಇನ್ವರ್ಟರ್ (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಪ್ಯಾನೆಲಿನ ಕರೆಂಟನ್ನು ಲೈನಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ತಾನಾಗಿ ನಿಲ್ಲುತ್ತದೆ. ನಿಲ್ಲಲೇಬೇಕು. ಕಂಬ ಹತ್ತಿದ ಲೈನ್‌ಮ್ಯಾನ್ ಜೀವದ ಪ್ರಶ್ನೆ ಅದು.

ತೋಡಿನ ಬದಿ

ಹೌದು ಮಾರಾಯ್ರೆ, ಅದೊಂದು ನನಗೂ ಮೊದಲು ಗೊತ್ತಿರಲಿಲ್ಲ. ತಲೆ ಮೇಲೆ ಬಿಸಿಲು, ಮಾಡಿನ ಮೇಲೆ ಪ್ಯಾನೆಲ್, ಕೆಳಗೆ ಫ್ಯಾನ್ ಬಂದ್. ಅತ್ತೆ ಕೇಳಿದರು, ಮತ್ತೆ ಇಷ್ಟು ಹಣ ಎಂತಕ್ಕೆ ಹಾಕಿದ್ದು ಅಂತ.

ಜತ್ತಿನ ಗಾಳಿ (ಸಾಂಗ್ಲಿ ಜಿಲ್ಲೆ)

ಫ್ಯೂಸಣ್ಣ ಹೇಳಿದ್ದು ಖರೆ ರೀ. ಹಂಚೋ ಸೊಸೈಟಿಗಳ ಕಥೆ ನಮಗೆ ಹತ್ತಿರದ್ದು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾದಾಗ ಅಮೆರಿಕದ ಮಾದರಿ ನೋಡಿ ದೇಶದಲ್ಲಿ ಐದು ಕಡೆ ಇಂಥ ಸೊಸೈಟಿ ಕಟ್ಟಿದರು. ಗಡಿ ಆಚೆ ನಮ್ಮ ಹುಕ್ಕೇರಿ, ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೋಡಿನಾರ್, ಲಖನೌ, ಮತ್ತೆ ನಮ್ಮ ಮಹಾರಾಷ್ಟ್ರದ ಮುಳಾ-ಪ್ರವರಾ. ಹುಕ್ಕೇರಿ, ಸಿರಿಸಿಲ್ಲ ಇವತ್ತಿಗೂ ನಡೆದಿವೆ. ಮುಳಾ-ಪ್ರವರಾ ಬಹಳ ದೊಡ್ಡದಿತ್ತು, ಕೊಂಡ ಕರೆಂಟಿನ ಬಾಕಿ ಬೆಳೆದು ಬೆಳೆದು 2011ರಲ್ಲಿ ಲೈಸೆನ್ಸ್ ಕೈತಪ್ಪಿತು.

ಇವೆಲ್ಲ ಕೊಂಡು ಹಂಚಿದವರು ರೀ, ತಾವು ಮಾಡಿದವರಲ್ಲ. ಸಗಟು ತಗೋ, ಚಿಲ್ಲರೆ ಮಾರು. ಸಗಟಿನ ದರ ಏರಿದರೆ ಸೊಸೈಟಿ ಕುತ್ತಿಗೆಗೆ ಬರುತ್ತದೆ. ಈಗ ಮಾತ್ರ ಮೊದಲ ಸಲ ಸಣ್ಣ ಊರಿಗೂ ತಾನೇ ಮಾಡಿಕೊಳ್ಳೋ ಸಾಮಾನು ಸಿಕ್ಕಿದೆ, ಅದಕ್ಕೇ ನನಗೆ ಈ ವಿಷಯದಲ್ಲಿ ಆಸೆ.

ಮುರಕಲ್ಲು

ಫ್ಯೂಸಣ್ಣ, ತಂತಿಯ ಬಾಲದ ತಲೆನೋವು ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಗುಡ್ಡೆಯೂ ಲೈನಿನ ಕೊನೆಯಲ್ಲೇ ಇರುವುದು.

ಅಡ್ಕದ ಅಕ್ಕ (ಬದಿಯಡ್ಕ ಪಂಚಾಯತ್)

ಅದನ್ನು ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೇ ಆದದ್ದು.

ನಮ್ಮದು ಟ್ರಾನ್ಸ್‌ಫಾರ್ಮರಿನಿಂದ ಕೊನೆಯ ಕಂಬ. 5 ಕಿಲೋವಾಟ್ ಹಾಕಿದೆವು. ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಅದೇ ಲೈನಿನಲ್ಲಿ ಇನ್ನೂ ನಾಲ್ಕು ಮನೆಯವರು ಹಾಕಿದರು. ಫೆಬ್ರವರಿಯ ಒಂದು ದಿನ, ಸುಡುಬಿಸಿಲು, ಅಂಗಳದಲ್ಲಿ ಅಡಿಕೆ ಹರವಿ ಒಳಗೆ ಬಂದರೆ ಇನ್ವರ್ಟರಿನಿಂದ ಟಿಕ್ ಅಂತ ಶಬ್ದ. ಹಸಿರು ಲೈಟು ಹೋಗಿ ಕೆಂಪು. ಪರದೆಯಲ್ಲಿ 256 ವೋಲ್ಟ್. ಐದು ನಿಮಿಷ ಬಿಟ್ಟು ತಾನೇ ಶುರುವಾಗುತ್ತದೆ, ಸ್ವಲ್ಪ ಹೊತ್ತಲ್ಲಿ ಪುನಃ ಟಿಕ್. ದಿನದ ಒಳ್ಳೆ ಬಿಸಿಲಿನ ಹೊತ್ತೇ, ಹನ್ನೊಂದರಿಂದ ಎರಡರ ತನಕ, ಹೀಗೇ ಹಾವು ಏಣಿ ಆಟ. ಹಾಕಿದ ಕಂಪನಿಯವರಿಗೆ ಫೋನ್ ಮಾಡಿದರೆ ಲೈನಿನ ದೋಷ ಅಂದರು. ಕಚೇರಿಗೆ ಹೋದರೆ ಇನ್ವರ್ಟರ್ ದೋಷ ಅಂದರು. ಕೊನೆಗೆ ಬಂದು ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಅದು ಕೊಡುವ ವೋಲ್ಟೇಜನ್ನು ಏರಿಸಿ ಇಳಿಸುವ ಜೋಡಣೆ) ಒಂದು ಮೆಟ್ಟಿಲು ಇಳಿಸಿದರು. ಹಗಲು ಸರಿಯಾಯಿತು. ರಾತ್ರಿ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಲು ಶುರುಮಾಡಿತು. ಎಲ್ಲ ಮನೆಯವರ ದೂರು ಬಂದು ಪುನಃ ಮೇಲೆ ಏರಿಸಿದರು.

ಈಗ ಮುಖ್ಯ ವಿಷಯ. ಒಂದು ದಿನ ಮಧ್ಯಾಹ್ನ ನಾನು ಪರದೆಯನ್ನೇ ನೋಡುತ್ತಾ ನಿಂತಿದ್ದೆ. 256, 255, 256. ಅಷ್ಟರಲ್ಲಿ ಕೆಳಗಿನ ತೋಟದ ಭಾವನವರು ಏನೋ ಕೆಲಸಕ್ಕೆ 5 ಎಚ್‌.ಪಿ. ಪಂಪ್ ಹಾಕಿದರು. ಗುಂಯ್ ಅಂತ ಶಬ್ದ ಕೇಳಿತು. ಪರದೆಯಲ್ಲಿ 247. ಇನ್ವರ್ಟರ್ ಹಸಿರಾಯಿತು, ಅವರು ಪಂಪ್ ನಿಲ್ಲಿಸುವ ವರೆಗೂ ಹಸಿರೇ. ಅವರು ನಿಲ್ಲಿಸಿದರು, ಎರಡು ನಿಮಿಷದಲ್ಲಿ ಟಿಕ್. ನಾನು ಓಡಿ ಹೋಗಿ ಬೇಲಿಯಿಂದ ಕೂಗಿದೆ, ಭಾವಾ, ನೀವು ದಿನಾ ಈ ಹೊತ್ತಿಗೇ ನೀರು ಬಿಡಿ ಅಂತ. ಅವರು ನನಗೆ ಬಿಸಿಲು ತಲೆಗೆ ಹತ್ತಿದೆ ಅಂದುಕೊಂಡರು.

ಫ್ಯೂಸಣ್ಣ

ಅಕ್ಕಾ, ನಾನು ಒಂದು ಗಂಟೆ ಕೂತು ಬರೆದಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಹಳೆಯ ಲೈನುಗಳನ್ನು ಎಳೆದಾಗ ಕರೆಂಟ್ ಒಂದೇ ದಿಕ್ಕಿಗೆ ಹೋಗುತ್ತದೆ ಅಂತ ಲೆಕ್ಕ ಇತ್ತು. ಟ್ರಾನ್ಸ್‌ಫಾರ್ಮರಿನ ಹತ್ತಿರ ಜಾಸ್ತಿ ವೋಲ್ಟೇಜ್ ಇಟ್ಟು, ಬಾಲಕ್ಕೆ ಬರುವಾಗ 230ರ ಹತ್ತಿರ ಇಳಿಯಲಿ ಅಂತ. ಈಗ ಬಾಲದಿಂದಲೇ ತಳ್ಳುತ್ತೀರಿ. ತಳ್ಳಬೇಕಾದರೆ ಆ ಕಡೆಗಿಂತ ಈ ಕಡೆ ವೋಲ್ಟೇಜ್ ಜಾಸ್ತಿ ಆಗಲೇಬೇಕು. ತಂತಿ ಸಪೂರ ಇದ್ದಷ್ಟು, ದೂರ ಇದ್ದಷ್ಟು ಇನ್ನೂ ಜಾಸ್ತಿ. ಒಂದು ಹಂತ ದಾಟಿದರೆ ಇನ್ವರ್ಟರ್ ಕೈ ಬಿಡುತ್ತದೆ. ಇದಕ್ಕೆ ತಂತಿ ದಪ್ಪ ಮಾಡಬಹುದು, ಇನ್ವರ್ಟರಿನ ಸೆಟ್ಟಿಂಗಿನಲ್ಲಿ ವೋಲ್ಟೇಜ್ ಏರಿದಾಗ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿ ಬರುವ ಶಕ್ತಿ, ಅದನ್ನು ಎಳೆದರೆ ವೋಲ್ಟೇಜ್ ತಗ್ಗುತ್ತದೆ) ಎಳೆಯುವ ಹಾಗೆ ಮಾಡಬಹುದು. ಸಿಂಗಲ್ ಫೇಸ್ ಇನ್ವರ್ಟರುಗಳೆಲ್ಲ ಒಂದೇ ಫೇಸಿಗೆ ಬಿದ್ದಿದ್ದರೆ ಮೂರಕ್ಕೂ ಹಂಚಬಹುದು, ಇದನ್ನು ಮೊದಲು ನೋಡಿ, ಖರ್ಚೇ ಇಲ್ಲದ ಮದ್ದು.

ಎಲ್ಲಕ್ಕಿಂತ ಸುಲಭ ಆ ಭಾವನವರ ಪಂಪು. ಹುಟ್ಟಿದ ಕಡೆಯೇ, ಹುಟ್ಟಿದ ಹೊತ್ತಿಗೇ ಖರ್ಚಾಗುವ ಕರೆಂಟ್. ಮುರಕಲ್ಲು ಅವರ ಸಂಘಕ್ಕೆ ಇಲ್ಲಿ ಒಂದು ಬಲ ಉಂಟು, ದೊಡ್ಡ ಕಂಪನಿಗೆ ಇಲ್ಲದ್ದು. ಪೈವಳಿಕೆಯಲ್ಲಿ 50 ಮೆಗಾವಾಟ್, ಅಂಬಲತ್ತರದಲ್ಲಿ 50 ಮೆಗಾವಾಟ್ ಇದೆ. ಅವರಿಗೆ ಯಾರ ಪಂಪು ಯಾವಾಗ ಓಡುತ್ತದೆ ಅಂತ ಗೊತ್ತಿಲ್ಲ, ಬೇಕೂ ಇಲ್ಲ, ಸೀದಾ ದೊಡ್ಡ ಲೈನಿಗೆ ಕೊಡುತ್ತಾರೆ. ಸಂಘಕ್ಕೆ ಒಬ್ಬೊಬ್ಬ ಸದಸ್ಯನ ಹೆಸರು ಗೊತ್ತು.

ತೋಡಿನ ಬದಿ

ಫ್ಯೂಸಣ್ಣ, ಹಾಗೆ ಹೇಳಿದರೆ ಆಯಿತಾ? ಅಡಿಕೆ ತೋಟಕ್ಕೆ ಮಧ್ಯಾಹ್ನ ಸ್ಪ್ರಿಂಕ್ಲರ್ ಬಿಡುವುದುಂಟಾ? ಅರ್ಧ ನೀರು ಗಾಳಿಗೆ. ನಮ್ಮ ಅಪ್ಪನ ಕಾಲದಿಂದಲೂ ರಾತ್ರಿ ಅಥವಾ ಬೆಳಗ್ಗಿನ ಜಾವ. ಆಗ ಹಗಲು ವೋಲ್ಟೇಜೇ ಇರುತ್ತಿರಲಿಲ್ಲ, ಮೋಟರ್ ಸುಟ್ಟು ಹೋಗುತ್ತಿತ್ತು.

ಅಡ್ಕದ ಅಕ್ಕ

ಡ್ರಿಪ್ ಇದ್ದವರಿಗೆ ಮಧ್ಯಾಹ್ನವೂ ಸಮಸ್ಯೆ ಇಲ್ಲ. ಸ್ಪ್ರಿಂಕ್ಲರಿನವರು ಮಧ್ಯಾಹ್ನ ಕೆರೆಯಿಂದ ಮೇಲಿನ ಟಾಂಕಿಗೆ ಏರಿಸಿ, ಸಂಜೆ ಬಿಡಬಹುದಲ್ಲ. ನಮ್ಮ ಅಜ್ಜ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಅದೇ ಅಲ್ವಾ? ಹಗಲು ರಾತ್ರಿ ಸಪೂರಕ್ಕೆ ಹರಿದು ಮೇಲಿನ ಮದಕದಲ್ಲಿ (ಕಟ್ಟೆ ಕಟ್ಟಿದ ಕೆರೆ) ತುಂಬುತ್ತದೆ, ಬೇಕಾದಾಗ ಕಟ್ಟೆ ಬಿಡಿಸಿದರೆ ತೋಟಕ್ಕೆ. ಪಂಪೇ ಇಲ್ಲದ ಕಾಲದಲ್ಲಿ ಅವರು ಸಂಗ್ರಹ ಮಾಡಲು ಕಲಿತಿದ್ದರು.

ಕೊಲ್ಲಿಯಿಂದ (ಉಪ್ಪಳದವ, ಈಗ ಅಬುಧಾಬಿ)

ಹಾಗಾದರೆ ಆ ಟಾಂಕಿಯ ನೀರಿನಿಂದಲೇ ರಾತ್ರಿ ಕರೆಂಟ್ ಮಾಡಬಹುದಲ್ಲ? ಪಂಪ್ಡ್ ಸ್ಟೋರೇಜ್ ಅಂತಾರೆ. ಬ್ಯಾಟರಿಯೇ ಬೇಡ.

ಫ್ಯೂಸಣ್ಣ

ಲೆಕ್ಕ ಹಾಕೋಣ. 1 ಲಕ್ಷ ಲೀಟರ್ ನೀರು, 50 ಮೀಟರ್ ಎತ್ತರ. ಅದರಲ್ಲಿ ಇರುವ ಶಕ್ತಿ ಒಟ್ಟು 13.6 ಯೂನಿಟ್. ಸಣ್ಣ ಟರ್ಬೈನಿನ ನಷ್ಟ ಕಳೆದರೆ ಕೈಗೆ 8-9. ಒಂದು ಲಕ್ಷ ಲೀಟರಿನ ಟಾಂಕಿ ಕಟ್ಟಿ ಎರಡು ಮನೆಯ ಒಂದು ದಿನದ ಕರೆಂಟ್! ಅದೇ ನೀರನ್ನು ತೋಟಕ್ಕೆ ಬಿಟ್ಟರೆ ಏರಿಸಿದ್ದು ಪೂರ್ತಿ ಉಪಯೋಗ. ನೀರನ್ನು ನೀರಾಗಿಯೇ ಇಡಿ.

ಮಳೆಗಾಲದ ತೋಡು ಬೇರೆ ವಿಷಯ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬೀಳುವ ಕಡೆ ಸಣ್ಣ ಟರ್ಬೈನ್ ಇಟ್ಟರೆ ಹೆಚ್ಚು ಕಡಿಮೆ 1 ಕಿಲೋವಾಟ್. ಸಣ್ಣದು ಅನ್ನಿಸಬಹುದು. ಆದರೆ ಅದು ಹಗಲು ರಾತ್ರಿ ಓಡುತ್ತದೆ, ದಿನಕ್ಕೆ 24 ಯೂನಿಟ್, ಸೋಲಾರ್‌ನ 6 ಕಿಲೋವಾಟಿಗೆ ಸಮ. ಅದೂ ಸೂರ್ಯ ಕೈ ಕೊಡುವ ಜೂನಿನಿಂದಲೇ. 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಆ ನಾಲ್ಕು ತಿಂಗಳಿಗೆ ಬಿಸಿಲನ್ನೇ ಕಾಯುವುದು ಎಂಥ ಬುದ್ಧಿ? ಪಾಲಕ್ಕಾಡಿನಲ್ಲಿ ಜಿಲ್ಲಾ ಪಂಚಾಯತ್ ಕಂಪನಿ ಕಟ್ಟಿ ಮೀನ್‌ವಲ್ಲಂನಲ್ಲಿ 3 ಮೆಗಾವಾಟಿನ ಜಲ ವಿದ್ಯುತ್ 2014ರಲ್ಲೇ ಶುರು ಮಾಡಿದೆ. ಸ್ಥಳೀಯರ ಕೈಯಲ್ಲಿ ಆಗುವುದಿಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಜತ್ತಿನ ಗಾಳಿ

ನಮ್ಮ ಕಡೆ ನೀರಿಲ್ಲ, ಗಾಳಿ ಐತಿ ರೀ. ಜತ್ತ ತಾಲೂಕಿನಲ್ಲಿ ಗುಡ್ಡದ ಮೇಲೆಲ್ಲ ಫ್ಯಾನು. ಮಜಾ ಏನಂದರೆ ಅವು ಜೋರಾಗಿ ತಿರುಗೋದು ಮೃಗಶಿರಾ, ಆರಿದ್ರಾ ಮಳೆ ಶುರುವಾದ ಮೇಲೆ, ಸೆಪ್ಟೆಂಬರ್ ತನಕ. ಮೋಡ ಕವಿದು ಸೋಲಾರ್ ಮಂಕಾದಾಗ ಗಾಳಿ ಏಳುತ್ತದೆ. ದಸರಾ ದಾಟಿದ ಮೇಲೆ ಗಾಳಿ ಮಲಗುತ್ತದೆ, ಆಗ ಸಕ್ಕರೆ ಕಾರ್ಖಾನೆ ಹಂಗಾಮು ಶುರು, ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್. ಮಾರ್ಚಿಗೆ ಅದು ನಿಂತರೆ ಬೇಸಿಗೆ ಬಿಸಿಲು. ವರ್ಷದ ಪಂಚಾಂಗದ ಹಾಗೆ ಒಂದರ ಹಿಂದೆ ಒಂದು. ಬರೀ ಸೋಲಾರ್ ಹಾಕಿದರೆ ಬರೀ ಜೋಳ ಬಿತ್ತಿದ ಹಾಗೆ, ಅಕ್ಕಡಿ ಸಾಲು ಬೇಕು ರೀ.

ತಾಳವಾಡಿ ಟೀಚರ್ (ಈರೋಡ್ ಜಿಲ್ಲೆ)

ಎಲ್ಲ ಓದಿದೆ. ಒಂದು ಕಹಿ ಮಾತು ಹೇಳುತ್ತೇನೆ. ಪಂಪನ್ನು ಮಧ್ಯಾಹ್ನಕ್ಕೆ ಬದಲಾಯಿಸಿ ಅಂದರೆ ರೈತ ಯಾಕೆ ಬದಲಾಯಿಸಬೇಕು? ನಮ್ಮ ತಮಿಳುನಾಡಿನಲ್ಲಿ ಕೃಷಿಗೆ ಕರೆಂಟ್ ಉಚಿತ. ರಾತ್ರಿ ಹಾಕಿದರೂ ಸೊನ್ನೆ, ಹಗಲು ಹಾಕಿದರೂ ಸೊನ್ನೆ. ನಮ್ಮ ಮನೆಯವರು ಸ್ವಿಚ್ ಆನ್ ಮಾಡಿಯೇ ಬಿಟ್ಟಿರುತ್ತಾರೆ, ಕರೆಂಟ್ ಬಂದಾಗ ಓಡಲಿ ಅಂತ. ಬಾಳೆ ತೋಟ ತುಂಬಿ ರಸ್ತೆಗೆ ಹರಿದರೂ ಯಾರೂ ಕೇಳುವುದಿಲ್ಲ. ಬೆಲೆ ಇಲ್ಲದ ಕಡೆ ಸಮಯಕ್ಕೂ ಬೆಲೆ ಇರುವುದಿಲ್ಲ.

ಮಡಕಶಿರಾ ಹುಡುಗ

ಟೀಚರಮ್ಮ, ನಮ್ಮ ಆಂಧ್ರದಲ್ಲೂ ಉಚಿತವೇ ಕಣಮ್ಮ. ಆದರೆ ನಮಗೆ ಕೃಷಿ ಫೀಡರ್ ಬೇರೆ ಮಾಡಿ 9 ಗಂಟೆ ಹಗಲಲ್ಲೇ ಕೊಡುತ್ತಾರೆ. ರೈತನನ್ನು ಕೇಳುವ ಪ್ರಶ್ನೆಯೇ ಇಲ್ಲ. ರಾತ್ರಿ ಹಾವು ಚೇಳಿನ ಭಯದಲ್ಲಿ ಬೋರ್ ಹತ್ತಿರ ಹೋಗೋದು ತಪ್ಪಿತು, ಅದಕ್ಕೆ ನಾನು ಕೈ ಮುಗೀತೀನಿ. ಸೋಲಾರ್ ಹೊತ್ತಿಗೂ ಅದು ಸರಿ ಹೊಂದುತ್ತೆ. ತೊಂದರೆ ಏನು ಗೊತ್ತಾ? ಎಲ್ಲ ಬೋರ್ ಒಟ್ಟಿಗೇ ಎಳೆಯುತ್ತವೆ. ನೆಲದಡಿ ನೀರು ಇಲ್ಲದಿರೋ ಸೀಮೆ ನಮ್ಮದು.

ಪಕ್ಕದ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ ಇದೆ. ರೈತರಿಂದ ಜಮೀನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000ದಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡರು. ಕಡಲೆಕಾಯಿ ಬೆಳೆದು ಸಾಲ ಮಾಡಿಕೊಳ್ಳುತ್ತಿದ್ದವರಿಗೆ ಅದು ಸಣ್ಣ ದುಡ್ಡಲ್ಲ. ಆದರೆ ಜಮೀನೇ ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಎಕರೆ ಲೆಕ್ಕದಲ್ಲಿ ಏನು ಬರುತ್ತೆ ಹೇಳಿ. ಸಂಘ ಅಂದರೆ ಅವರೂ ಸದಸ್ಯರಾಗಿರಬೇಕು, ಅದೊಂದು ನೋಡಿಕೊಳ್ಳಿ ಅಣ್ಣ.

ಲೆಕ್ಕಪುಸ್ತಕ

ಟೀಚರ್ ಅವರ ಪ್ರಶ್ನೆಗೆ ಗುಜರಾತಿನಲ್ಲಿ ಒಂದು ಉತ್ತರ ಇದೆ. ಖೇಡಾ ಜಿಲ್ಲೆಯ ಢುಂಡಿ ಅನ್ನುವ ಹಳ್ಳಿ. 2016ರಲ್ಲಿ ಆರು ಜನ ರೈತರು ಸೋಲಾರ್ ಪಂಪಿನ ಸಹಕಾರಿ ಸಂಘ ಮಾಡಿಕೊಂಡರು, ಎಲ್ಲರದ್ದು ಸೇರಿ 56 ಕಿಲೋವಾಟ್. ಬೇಕಾದಷ್ಟು ನೀರು ಎತ್ತುವುದು, ಉಳಿದ ಕರೆಂಟನ್ನು ಒಂದೇ ಮೀಟರಿನಲ್ಲಿ ವಿದ್ಯುತ್ ಕಂಪನಿಗೆ ಮಾರುವುದು. ಯೂನಿಟ್ಟಿಗೆ ಕಂಪನಿಯಿಂದ 4 ರೂಪಾಯಿ 63 ಪೈಸೆ, 25 ವರ್ಷದ ಒಪ್ಪಂದ. ಅದರ ಮೇಲೆ ನೀರು ಸಂಶೋಧನಾ ಸಂಸ್ಥೆಯೊಂದು ಪ್ರೋತ್ಸಾಹಧನ ಸೇರಿಸಿತ್ತು. ಪಂಪನ್ನು ಸುಮ್ನೆ ಓಡಲು ಬಿಟ್ಟರೆ ಈಗ ಕಿಸೆಯಿಂದ ಹಣ ಹೋಗುತ್ತದೆ. ಉಪದೇಶವೇ ಬೇಡ. ಕಂಪನಿಗೂ ಆರು ಬಿಲ್ಲಿನ ಬದಲು ಒಂದೇ ಬಿಲ್ಲು.

ಮುರಕಲ್ಲು ಅವರೇ, ನಿಮ್ಮ ಸಂಘ ಹನ್ನೊಂದರಿಂದ ಮೂರರ ಒಳಗೆ ಪಂಪ್ ಓಡಿಸಿದ ಸದಸ್ಯನಿಗೆ ವರ್ಷದ ಕೊನೆಗೆ ಡಿವಿಡೆಂಡಿನ ಜತೆ ಏನಾದರೂ ಸೇರಿಸಿ ಕೊಡಲಿ. ಗೊಬ್ಬರದ ಬಿಲ್ಲಿನಲ್ಲಿ ಕಡಿತ ಮಾಡಿದರೂ ಆದೀತು. ನಮ್ಮ ಜನರಿಗೆ ಗೊಬ್ಬರದ ಕಡಿತ ಅಂದರೆ ಬೇಗ ಅರ್ಥ ಆಗುತ್ತದೆ.

ಕೊಲ್ಲಿಯಿಂದ

ಬ್ಯಾಟರಿಯನ್ನು ಎಲ್ಲರೂ ಬದಿಗೆ ಸರಿಸಿದಿರಿ. ಹವಾಯಿಯ ಕೌವಾಯಿ ದ್ವೀಪ ನೋಡಿ. 2002ರಲ್ಲಿ ಅಲ್ಲಿನ ಜನ ಸಹಕಾರಿ ಸಂಘ ಕಟ್ಟಿ ಖಾಸಗಿ ಕಂಪನಿಯಿಂದ ಇಡೀ ದ್ವೀಪದ ವಿದ್ಯುತ್ ವ್ಯವಸ್ಥೆ ಕೊಂಡುಕೊಂಡರು. ಸುತ್ತ ಸಮುದ್ರ, ಅಕ್ಕಪಕ್ಕದ ಗ್ರಿಡ್ ಅಂತ ಇಲ್ಲವೇ ಇಲ್ಲ. ಮೊದಲು ಹೆಚ್ಚಿನದ್ದು ಎಣ್ಣೆಯಿಂದ. 2017ರಲ್ಲಿ 13 ಮೆಗಾವಾಟ್ ಸೋಲಾರ್ ಜತೆ ಟೆಸ್ಲಾದ 52 ಮೆಗಾವಾಟ್ ಅವರ್ (52,000 ಯೂನಿಟ್ ಹಿಡಿಸುವ) ಬ್ಯಾಟರಿ, 2019ರಲ್ಲಿ ಇನ್ನೊಂದು ಕಡೆ 100 ಮೆಗಾವಾಟ್ ಅವರ್. ಹಗಲು ತುಂಬಿಸುವುದು, ಸಂಜೆ ಪೀಕಿನಲ್ಲಿ ಬಿಡುವುದು. ಕೆಲವು ದಿನ ಎಷ್ಟೋ ಗಂಟೆ ಎಣ್ಣೆ ಎಂಜಿನ್ ಮುಟ್ಟುವುದೇ ಇಲ್ಲ. ಅವರಿಗೆ ಆಗುವುದಾದರೆ ನಮಗೆ ಯಾಕಿಲ್ಲ?

ಫ್ಯೂಸಣ್ಣ

ಕೌವಾಯಿ ಒಳ್ಳೆಯ ಉದಾಹರಣೆ, ಆದರೆ ಪೂರ್ತಿ ಕಥೆ ಹೇಳಿ. 2021ರ ನವೆಂಬರಿನಲ್ಲಿ ಅವರ ದೊಡ್ಡ ಎಣ್ಣೆ ಜನರೇಟರ್ ತಟ್ಟನೆ ನಿಂತಿತು. ಆಗ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾರ ಅದರ ಮೇಲಿತ್ತು. ಬ್ಯಾಟರಿಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಭಾರ ಹೊತ್ತವು, ಆದರೆ ಇಡೀ ಗ್ರಿಡ್ ಸುಮಾರು ಒಂದು ನಿಮಿಷ ಜೋಕಾಲಿ ಆಡಿತು. ತನಿಖೆ ಮಾಡಿದಾಗ ಗೊತ್ತಾದದ್ದು, ಗ್ರಿಡ್ಡನ್ನು ಹಿಂಬಾಲಿಸುವ ಇನ್ವರ್ಟರುಗಳು ಜಾಸ್ತಿ, ಮುಂದೆ ನಿಂತು ಹಿಡಿಯುವವು ಕಡಿಮೆ. ಭಜನೆಯಲ್ಲಿ ಎಲ್ಲರೂ ಪಕ್ಕದವನ ತಾಳ ಕೇಳಿ ತಟ್ಟಿದರೆ ಏನಾಗುತ್ತದೆ, ಅದೇ. ತಾಳ ಹಿಡಿಯುವವನು ಒಬ್ಬ ಬೇಕು. ದೊಡ್ಡ ಟರ್ಬೈನಿನ ತಿರುಗುವ ಭಾರ ಮೊದಲು ಆ ಕೆಲಸ ಮಾಡುತ್ತಿತ್ತು.

ಅಲಾಸ್ಕದ ಕೋಡಿಯಾಕ್ ದ್ವೀಪದ ಸಹಕಾರಿ ಸಂಘದ ಕಥೆ ನನಗೆ ಇನ್ನೂ ಇಷ್ಟ. ಅವರದ್ದು ಅಣೆಕಟ್ಟಿನ ನೀರು, ಜತೆಗೆ 1.5 ಮೆಗಾವಾಟಿನ ಆರು ಗಾಳಿಯಂತ್ರ. ಗಾಳಿ ಬಂದಾಗ ನೀರು ಉಳಿಸುತ್ತಾರೆ, ಹೋದಾಗ ಬಿಡುತ್ತಾರೆ. 99 ಶೇಕಡಾಕ್ಕಿಂತ ಜಾಸ್ತಿ ಎಣ್ಣೆ ಇಲ್ಲದ ಕರೆಂಟ್. ಆಮೇಲೆ ಬಂದರಿಗೆ ದೊಡ್ಡ ವಿದ್ಯುತ್ ಕ್ರೇನ್ ಬಂತು. ಕಂಟೇನರ್ ಎತ್ತುವಾಗ ಒಂದೇ ಏಟಿಗೆ ಎಳೆಯುತ್ತದೆ, ಇಳಿಸುವಾಗ ಸೊನ್ನೆ, ನಿಮಿಷಕ್ಕೊಮ್ಮೆ ಹೀಗೆ. ಅದಕ್ಕೆ ತಲಾ 1 ಮೆಗಾವಾಟಿನ ಎರಡು ಫ್ಲೈವೀಲ್ ಇಟ್ಟರು. ಅರೆಯುವ ಕಲ್ಲಿಗೆ ಒಮ್ಮೆ ವೇಗ ಬಂದ ಮೇಲೆ ಕೈ ತೆಗೆದರೂ ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಅದೇ ತತ್ವ. ಏರಿಳಿತ ಬಿಸಿಲು, ಗಾಳಿಯದ್ದು ಮಾತ್ರ ಅಲ್ಲ, ನಾವು ಬಳಸುವುದರದ್ದೂ ಹೌದು.

ನಮ್ಮ ಜಿಲ್ಲೆಗೂ ಬ್ಯಾಟರಿ ಬರುತ್ತಿದೆ. ಮೈಲಾಟಿ ಸಬ್‌ಸ್ಟೇಷನ್ನಿಗೆ 125 ಮೆಗಾವಾಟ್, ನಾಲ್ಕು ಗಂಟೆ ಕೊಡುವಂಥದ್ದು. ಮುಳ್ಳೇರಿಯಕ್ಕೂ 15 ಮೆಗಾವಾಟಿನದ್ದು ಯೋಜನೆಯಲ್ಲಿದೆ. ರಾತ್ರಿಯ ದೊಡ್ಡ ಭಾರ ಅವರು ಹೊರಲಿ. ಸಂಘ 500 ಕಿಲೋವಾಟಿಗೆ ನಾಲ್ಕು ಗಂಟೆಯ ಬ್ಯಾಟರಿ ಅಂತ ಹೋದರೆ 2,000 ಯೂನಿಟ್ ಹಿಡಿಸುವ ಪೆಟ್ಟಿಗೆ, ಅದರ ಸಾಲ, ವಿಮೆ, ಬೆಂಕಿಯ ಮುಂಜಾಗ್ರತೆ ಎಲ್ಲ ತಲೆ ಮೇಲೆ. ಪಂಪು ಸರಿಸುವುದಕ್ಕೆ ಖರ್ಚು ಒಂದು ಟೈಮರ್.

ತೋಡಿನ ಬದಿ

ಮುಳ್ಳೇರಿಯದ ಹೆಸರು ಬಂದದ್ದಕ್ಕೆ ಸಂತೋಷ. ನನ್ನ ಪಂಪಿಗೆ ಟೈಮರ್ ಹಾಕುವ ವಿಚಾರ ಮಾಡುತ್ತೇನೆ, ಖಂಡಿತ ಅಂತ ಹೇಳುವುದಿಲ್ಲ.

ಮುರಕಲ್ಲು

ಮೂರು ವಾರ ಆಯಿತು, ಉತ್ತರ ಕೊಡಲಿಕ್ಕೆ ತಡವಾಯಿತು. ಕ್ಷಮಿಸಿ. ಸುಮ್ಮನೆ ಕೂತಿರಲಿಲ್ಲ.

ಲೆಕ್ಕಪುಸ್ತಕ ಅವರು ಹೇಳಿದ ಹಾಗೆ ಗಂಟೆ ಲೆಕ್ಕ ಬರೆಯಲು ಹೊರಟೆವು. ನಾನು, ಸಂಘದ ಗುಮಾಸ್ತ, ಪ್ಲಸ್ ಟು ಓದುವ ಇಬ್ಬರು ಹುಡುಗರು. ನಮ್ಮ ಫೀಡರಿನಲ್ಲಿ ಸದಸ್ಯರ ಪಂಪುಗಳು 87. ಹೆಚ್ಚಿನವು 3 ಮತ್ತು 5 ಎಚ್‌.ಪಿ. ಎಲ್ಲ ಒಟ್ಟಿಗೆ ಓಡಿದರೆ 270 ಕಿಲೋವಾಟ್ ಹತ್ತಿರ. ಅದರಲ್ಲಿ ಹಗಲು ಓಡಿಸುವವರು 19 ಜನ ಮಾತ್ರ. ಯಾಕೆ ರಾತ್ರಿ ಅಂತ ಕೇಳಿದರೆ ಅರ್ಧ ಜನ ಹೇಳಿದ್ದು, ಮೊದಲಿನಿಂದ ಹಾಗೇ ಅಂತ. ಒಬ್ಬರು ಅಜ್ಜಿ ಮಾತ್ರ ಸರಿಯಾದ ಕಾರಣ ಕೊಟ್ಟರು. ಹಗಲು ಪಂಪಿನ ಶಬ್ದಕ್ಕೆ ಮಂಗ ಬಂದದ್ದು ಗೊತ್ತಾಗುವುದಿಲ್ಲವಂತೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಟಾಂಕಿ ಅಥವಾ ಮದಕ ಇರುವವರು 34. ಅವರಲ್ಲಿ 22 ಜನ ಮಧ್ಯಾಹ್ನಕ್ಕೆ ಬದಲಾಯಿಸಲು ಒಪ್ಪಿದ್ದಾರೆ, ಗೊಬ್ಬರದ ಕಡಿತದ ಮಾತು ಬಂದ ಮೇಲೆ. ಜಮೀನಿಲ್ಲದ ಸದಸ್ಯರಿಗೆ ಏನು ಅಂತ ಮಡಕಶಿರಾ ತಮ್ಮ ಕೇಳಿದ್ದನ್ನು ಸಭೆಯಲ್ಲಿ ಇಟ್ಟೆ. ಜಗಳ ಆಯಿತು. ಬಂದ ಲಾಭದಲ್ಲಿ ಒಂದು ಪಾಲನ್ನು ಎಕರೆ ನೋಡದೆ ತಲೆಗೆ ಸಮ ಹಂಚುವುದು ಅಂತ ಬರೆದುಕೊಂಡಿದ್ದೇವೆ, ಇನ್ನೂ ಪಾಸಾಗಿಲ್ಲ.

500ರ ಮಾತು ಸದ್ಯಕ್ಕೆ ನಿಂತಿದೆ. ಮೊದಲು ಸಂಘದ ಗೋದಾಮಿನ ಮಾಡಿನ ಮೇಲೆ 50 ಕಿಲೋವಾಟ್ ಅಂತ ತೀರ್ಮಾನ. ಚಪ್ಪಾಳೆ ತಟ್ಟಿದ್ದವರಿಗೆ ನಿರಾಸೆ, ನನ್ನನ್ನು ಕಂಡರೆ ಈಗ ಮುಖ ತಿರುಗಿಸುತ್ತಾರೆ.

ಫ್ಯೂಸಣ್ಣ

ಮುಖ ತಿರುಗಿಸಲಿ ಬಿಡಿ. ಆ 50ಕ್ಕೆ ಅರ್ಜಿ ಹಾಕುವ ಮೊದಲು ಗೋದಾಮಿನ ಟ್ರಾನ್ಸ್‌ಫಾರ್ಮರ್ ಎಷ್ಟು ಕೆ.ವಿ.ಎ. (ಎಷ್ಟು ಭಾರ ತಡೆಯುತ್ತದೆ) ನೋಡಿ, ಅದರ ಮೇಲೆ ಈಗಾಗಲೇ ಎಷ್ಟು ಮನೆಯ ಸೋಲಾರ್ ಉಂಟು ಅಂತಲೂ ಕೇಳಿ. ಬೇಕಾದರೆ ಭಾನುವಾರ ನಾನೇ ಬರುತ್ತೇನೆ. ಕೊನೆಯ ಕಂಬದ ಮನೆಯಲ್ಲಿ ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡೂವರೆ, ರಾತ್ರಿ ಎಂಟಕ್ಕೆ ವೋಲ್ಟೇಜ್ ಬರೆದಿಡಲು ಆ ಹುಡುಗರಿಗೆ ಹೇಳಿ, ಒಂದು ವಾರದ್ದು ಸಾಕು. ಮೀಟರ್ ನನ್ನಲ್ಲಿ ಉಂಟು.

ಅಡ್ಕದ ಅಕ್ಕ

ನಮ್ಮ ಭಾವನವರು ಕೊನೆಗೂ ಟೈಮರ್ ಹಾಕಿಸಿದರು. ಹನ್ನೊಂದೂವರೆಗೆ ಗುಂಯ್ ಅನ್ನುತ್ತದೆ. ನಿನ್ನೆ ಮಧ್ಯಾಹ್ನ 246.

ಮುರಕಲ್ಲು

ಫ್ಯೂಸಣ್ಣ, ಭಾನುವಾರ ಬನ್ನಿ. ಊಟ ನಮ್ಮಲ್ಲೇ. ಪೆರ್ಲ ಪೇಟೆಯಲ್ಲಿ ಇಳಿದು ಫೋನ್ ಮಾಡಿದರೆ ಸಾಕು, ಹುಡುಗರು ಬೈಕ್ ತರುತ್ತಾರೆ.